ಹದಿನೆಂಟು ದಿನ ಸ್ವಾಮಿಯಾಗಿದ್ದೆ

ನಮ್ಮ ಕಡೆ ಗಂಡಸಾದವನು ಮದುವೆಯಾಗದೆ ಉಳಿಯಬೇಕೆಂದರೆ ಮರ್ಯಾದೆಯ ದಾರಿ ಒಂದೇ, ಕಾವಿ ಉಡುವುದು. ಉಳಿದ ದಾರಿಗಳೆಲ್ಲ ಮರುಕಕ್ಕೋ ಗುಸುಗುಸುವಿಗೋ ಹೋಗಿ ಮುಟ್ಟುತ್ತವೆ. ಹೊಲ ಕಡಿಮೆ ಇರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು, ಎರಡೂ ಅಲ್ಲದಿದ್ದರೆ ಕುಂಡಲಿಯಲ್ಲಿ ಏನೋ ಅಡ್ಡ ಕೂತಿರಬೇಕು. ನನಗೆ ಇದರಲ್ಲಿ ಒಂದೂ ಒಪ್ಪುತ್ತಿರಲಿಲ್ಲ. ಹಿಪ್ಪರಗಿ ಬ್ಯಾರೇಜಿನ ನೀರು ಕುಡಿಯುವ ಆರು ಎಕರೆ ಕಬ್ಬಿತ್ತು, ಜಮಖಂಡಿಯಲ್ಲಿ ತಿಂಗಳ ಪಗಾರದ ಕೆಲಸವಿತ್ತು, ಮೂವತ್ಮೂರು ದಾಟಿದರೂ ತಲೆಯ ಮೇಲೆ ಕೂದಲೂ ಇತ್ತು. ರೈತರ ಮಕ್ಕಳಿಗೆ ಕನ್ಯೆ ಸಿಗದ ಈ ಕಾಲದಲ್ಲಿ ಕನ್ಯೆಯರ ಅಪ್ಪಂದಿರು ತಾವಾಗಿಯೇ ನಮ್ಮ ಕಟ್ಟೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ನಾನು ಒಲ್ಲೆ ಎನ್ನುತ್ತಿದ್ದೆ. ಐದಾರು ವರ್ಷದಿಂದ ಕನ್ಯೆ ಹುಡುಕುತ್ತಿದ್ದ ನನ್ನ ಓರಗೆಯವರು, ತುಂಬಿದ ತಾಟು ತಿಪ್ಪೆಗೆ ಚೆಲ್ಲುವವನನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದರು.

ಕಾರಣ ಇಷ್ಟೇ. ನನ್ನ ಮನಸ್ಸು ಹೋಗುವುದು ಗಂಡಸರ ಕಡೆಗೆ. ನನ್ನ ಕೆಲಸವೂ ಅದೇ. ನನ್ನಂಥವರನ್ನು ಮನೆಯವರು ಹೊರಗೆ ಹಾಕಿದಾಗ, ಪೊಲೀಸರು ತಡೆದು ನಿಲ್ಲಿಸಿದಾಗ, ದವಾಖಾನೆಯಲ್ಲಿ ನಕ್ಕಾಗ ಹೋಗಿ ನಿಂತು ಮಾತಾಡುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ತಾಲೂಕಿಗೆ ಸೇರಿ ನಮ್ಮದೊಂದೇ ಆಫೀಸು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾವು. ಯಾರೇ ಕಷ್ಟ ಹೇಳಿಕೊಳ್ಳಲು ಬಂದರೂ ಹೋಗುವಾಗ ಮೈಮೇಲೆ ಒಂದಿಷ್ಟು ಜೋಳದ ಹಿಟ್ಟು ಹೊತ್ತುಕೊಂಡು ಹೋಗುತ್ತಿದ್ದರು. ಪೇಪರಿನವರು ನನ್ನನ್ನು ಹೋರಾಟಗಾರ ಎಂದು ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಹೋರಾಟದ ಬಹುಪಾಲು ಝೆರಾಕ್ಸ್ ಅಂಗಡಿಯ ಮುಂದೆ ನಿಂತೇ ಕಳೆಯುತ್ತದೆ.

ಪೇಪರಿನಲ್ಲಿ ಬಂದರೆ ಊರಿಗೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಊರಿನವರು ಫೋಟೋ ನೋಡುತ್ತಾರೆ, ಕೆಳಗಿನದನ್ನು ಓದುವುದಿಲ್ಲ. ಓದಿದ ಒಂದಿಬ್ಬರಿಗೂ ‘ಲೈಂಗಿಕ ಅಲ್ಪಸಂಖ್ಯಾತರ ಸಭೆ’ ಎಂದರೆ ಅದು ಸರ್ಕಾರದ ಯಾವುದೋ ಯೋಜನೆ ಇರಬೇಕು ಅನ್ನಿಸಿತ್ತು. ಅವರು ನನ್ನ ಹತ್ತಿರ ಅರ್ಜಿ ಫಾರ್ಮು ಕೇಳಿಕೊಂಡು ಬಂದಿದ್ದರು. ಕೊನೆಯ ತಾರೀಖು ಮುಗಿಯಿತು ಎಂದು ಹೇಳಿ ಕಳಿಸಿದೆ. ಊರಿನ ಲೆಕ್ಕದಲ್ಲಿ ನಾನು ‘ಆರೋಗ್ಯ ಖಾತೆಯಲ್ಲಿ ಏನೋ’ ಆಗಿದ್ದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಎದುರಿಗೆ ಸಿಕ್ಕವರೆಲ್ಲ ನನಗೆ ಹೇಳಿ ಹೋಗುತ್ತಿದ್ದರು.

ಅವ್ವನಿಗೆ ಮಾತ್ರ ನಾನೇ ಹೇಳಿದ್ದೆ. ಆರು ವರ್ಷದ ಹಿಂದೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ. ಎರಡು ಮಾತು ಹೇಳಲು ಹನ್ನೊಂದು ರೊಟ್ಟಿಯ ತನಕ ಕಾದೆ. ಹನ್ನೆರಡನೆಯದು ಹಂಚಿನ ಮೇಲೆ ಕರಕಾಯಿತು.

“ಡಾಕ್ಟರ್‌ಗೆ ತೋರಿಸಿದೇನ?” ಅಂದಳು.

“ಇದು ಜಡ್ಡ ಅಲ್ಲಬೇ ಅವ್ವಾ.”

“ಯಾರರ ಏನರ ಮಾಡಿಸ್ಯಾರೇನ?”

“ಇಲ್ಲ.”

“ಮತ್ತ ಹುಟ್ಟಿದಾಗಿಂದ ಹಿಂಗ ಅದಿಯೇನ?”

“ಹೌದು.”

ಅವ್ವ ಕರಕಾದ ರೊಟ್ಟಿಯನ್ನು ಎಮ್ಮೆಯ ಬುಟ್ಟಿಗೆ ಒಗೆದಳು. “ಆತು. ಉಣ್ಣು. ಯಾರ ಮುಂದೂ ಹೇಳಬ್ಯಾಡ,” ಅಂದಳು. ಅಂದಿನಿಂದ ಬಂದ ಕನ್ಯೆಗಳನ್ನೆಲ್ಲ ಬಾಗಿಲಲ್ಲೇ ತಡೆದು ಕಳಿಸುವ ಕೆಲಸ ಅವಳೇ ವಹಿಸಿಕೊಂಡಳು. ಒಬ್ಬಳಿಗೆ ಎತ್ತರ ಹೆಚ್ಚು, ಒಬ್ಬಳಿಗೆ ಓದು ಹೆಚ್ಚು, ಒಬ್ಬಳ ಊರಿನ ನೀರು ಸವಳು. ಅಲ್ಲಿಯ ತನಕ ಮನೆಗೆ ಗೊತ್ತಿರದ ನನ್ನ ಗುಟ್ಟು ಎರಡಿದ್ದವು. ಇನ್ನೊಂದೆಂದರೆ ಜಮಖಂಡಿ ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಎಗ್‌ರೈಸ್ ತಿನ್ನುವುದು. ನಮ್ಮದು ಲಿಂಗ ಕಟ್ಟಿದ ಮನೆತನ. ಅದನ್ನು ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಎಲ್ಲವನ್ನೂ ಒಮ್ಮೆಗೇ ಹೇಳಿ ಹೆತ್ತವಳ ಜೀವ ತೆಗೆಯಬಾರದು.

ತಂಗಿಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಅವಳು ನನ್ನ ಫೋನು ನೋಡಿ ತಾನೇ ತಿಳಿದುಕೊಂಡಿದ್ದಳು. ಬನಹಟ್ಟಿಯಲ್ಲಿ ಸೀರೆ ವ್ಯಾಪಾರದವರೊಬ್ಬರ ಅಂಗಡಿಯಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ. ಆ ಓಣಿಯ ಪವರ್‌ಲೂಮುಗಳ ಸದ್ದಿನಲ್ಲಿ ಮಾತಾಡಿ ಮಾತಾಡಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದಳು. ಅಂಥವಳು ಒಂದು ದಿನ ನನ್ನ ಆಫೀಸಿನ ತನಕ ಬಂದು ಪಿಸುಮಾತಿನಲ್ಲಿ, “ಅಣ್ಣಾ, ಒಬ್ಬಾಂವ ಅದಾನ,” ಅಂದಳು. ಗಲಗಲಿಯ ಹುಡುಗ. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಜಾತಿ ಕೂಡಿಬರುತ್ತಿತ್ತು, ಹೊಳೆಯ ದಂಡೆಗೆ ಹೊಲವೂ ಇತ್ತು. ಮುಚ್ಚಿಟ್ಟ ಪ್ರೀತಿಯ ಬಗ್ಗೆ ಊರಲ್ಲಿ ಯಾರಿಗಾದರೂ ತಿಳಿವಳಿಕೆ ಇದ್ದರೆ ಅದು ನನಗೇ ಎಂದು ಅವಳು ನನ್ನ ಹತ್ತಿರ ಬಂದಿದ್ದಳು. ನನಗೆ ಹೆಮ್ಮೆಯೇ ಆಯಿತು. ನಾನೇ ದೊಡ್ಡಪ್ಪನ ಕಿವಿಗೆ ಹಾಕಿದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಗೆ ದೊಡ್ಡಪ್ಪನೇ ಹಿರಿಯ.

ದೊಡ್ಡಪ್ಪ ಗಲಗಲಿಗೆ ಹೋಗಿ ಬಂದು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ವರದಿ ಒಪ್ಪಿಸಿದ. ಹುಡುಗ ಛಲೋ, ಮನೆ ಛಲೋ. ಆದರೆ ಆ ಮನೆಯ ಯಜಮಾನ ಹುಡುಗನ ಅಜ್ಜ. ಎಂಬತ್ತರ ಮುದುಕ, ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ. ಅವನದು ಒಂದೇ ಕರಾರು, ಕೊಟ್ಟು ತರುವ ಸಂಬಂಧ ಆಗಬೇಕು. ಎಂದರೆ ನಮ್ಮ ಹುಡುಗಿಯನ್ನು ಅವರ ಹುಡುಗನಿಗೆ ಕೊಡಬೇಕು, ಅವರ ಹುಡುಗಿಯನ್ನು ನಮ್ಮ ಹುಡುಗನಿಗೆ ತರಬೇಕು. ಲೈನ್‌ಮನ್‌ಗೆ ನರ್ಸಿಂಗ್ ಕಲಿಯುತ್ತಿದ್ದ ತಂಗಿ ಇದ್ದಳು. ಎರಡೂ ಮನೆಯಿಂದ ಒಂದೊಂದು ಹೆಣ್ಣು ಹೋದರೆ ಯಾರೂ ಯಾರ ಮಗಳಿಗೂ ತ್ರಾಸು ಕೊಡುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕ.

“ಒಂದ ಹಂದರದಾಗ ಎರಡ ಲಗ್ನ,” ಅಂದ ದೊಡ್ಡಪ್ಪ. “ನೀ ಈ ಸಲ ಒಲ್ಲೆ ಅಂದ್ರ ತಂಗೀದೂ ಮುರೀತೈತಿ ನೋಡ.”

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸಭೆಗಳಲ್ಲಿ ಎರಡು ತಾಸು ಮಾತಾಡುವ ನಾನು ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ನನಗಿಂತ ಮೊದಲು ಅವ್ವ ಬಾಯಿ ತೆಗೆದಳು.

“ಅಂವಗ ಲಗ್ನ ಮಾಡಾಕ ಬರಂಗಿಲ್ಲರಿ. ಹುಟ್ಟಿದಾಗ ಉಸುರ ಹಿಡಿದಿತ್ತು. ಕೂಸ ಉಳದ್ರ ಮಠಕ್ಕ ಬಿಡತೀನಂತ ಬೇಡ್ಕೊಂಡಿದ್ದೆ.”

ನಮ್ಮಲ್ಲಿ ಹೀಗೆ ಹರಕೆ ಹೊತ್ತು ಗಂಡುಮಗುವನ್ನು ಮಠಕ್ಕೆ ಬಿಡುವುದು ಇದ್ದದ್ದೇ. ಹಾಗೆ ಬಿಟ್ಟವನಿಗೆ ಹೆಣ್ಣು ಕೇಳುವುದಿರಲಿ, ಅವನ ಮುಂದೆ ಕಾಲು ಚಾಚಿ ಕೂರುವಂತೆಯೂ ಇಲ್ಲ. ದೊಡ್ಡಪ್ಪ ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡ. ತೊಡೆಯ ಮೇಲಿನ ರುಮಾಲನ್ನು ತಲೆಗೆ ಸುತ್ತಿ, ಬಾಲ್ಯದಲ್ಲಿ ನನ್ನನ್ನು ಬಾರುಕೋಲಿನಿಂದ ಹೊಡೆದಿದ್ದ ಅದೇ ಎರಡು ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದ.

ಆಮೇಲೆ ಅವ್ವನನ್ನು ಹಿತ್ತಲಿಗೆ ಕರೆದು ಕೇಳಿದೆ. “ಎಂಥಾ ಸುಳ್ಳ ಹೇಳಿದೆಬೇ? ನಾ ಹುಟ್ಟಿದಾಗ ಐದಾರು ಊರಿಗೆ ಕೇಳೂವಂಗ ಅತ್ತಿದ್ದೆ ಅಂತ ನೀನ ಹೇಳ್ತಿದ್ದೆಲ್ಲ!”

“ಮತ್ತೇನ ಹೇಳಲಿ? ಈ ಕನ್ಯಾದ್ದೂ ಎತ್ತರ ಹೆಚ್ಚಾತು ಅನ್ಲೇನ? ತಂಗಿ ಲಗ್ನ ಆಗೂತನಕ ಸುಮ್ಮನ ಸ್ವಾಮಿ ಆಗಿರು.”

ಸುಮ್ಮನೆ ಸ್ವಾಮಿಯಾಗಿರುವುದು ಎಷ್ಟು ಕಷ್ಟವೆಂದು ಅವ್ವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಾರನೆಯ ದಿನ ಬೈಕು ತೆಗೆಯುವಷ್ಟರಲ್ಲಿ ಎದುರು ಮನೆಯ ಅತ್ತೆ ತಂಬಿಗೆ ನೀರು ತಂದು ನನ್ನ ಪಾದಕ್ಕೆ ಸುರಿದಳು. ಬೂಟು ಸಮೇತ. ಊರ ಅಗಸಿ ಬಾಗಿಲಲ್ಲಿ ಒಬ್ಬ ಬೈಕನ್ನು ತಡೆದು, ಕಬ್ಬು ಕಡಿಯುವ ಗ್ಯಾಂಗು ತನ್ನ ಹೊಲಕ್ಕೆ ಯಾವಾಗ ಬರುತ್ತದೆ ಹೇಳಿ ಎಂದ. ಕಣ್ಣು ಮುಚ್ಚಿ, “ಸೋಮವಾರ,” ಅಂದೆ. ಅದು ಸೋಮವಾರವೇ ಬಂದುಬಿಟ್ಟಿತು. ಅಲ್ಲಿಂದ ಮುಂದೆ ನನಗೆ ಊರಲ್ಲಿ ತಲೆ ಎತ್ತಿ ನಡೆಯುವುದೂ ಕಷ್ಟವಾಯಿತು. ಎಮ್ಮೆ ಗಬ್ಬವಾಗಿದೆಯೋ ಇಲ್ಲವೋ, ಬೋರು ಎಲ್ಲಿ ಹೊಡೆಸಬೇಕು, ಮೊಮ್ಮಗನಿಗೆ ಯಾವ ಅಕ್ಷರದ ಹೆಸರು, ಎಲ್ಲವೂ ನನ್ನ ಮುಂದೆಯೇ ಬರತೊಡಗಿದವು. ಎಗ್‌ರೈಸಿನ ಗಾಡಿಯವನಿಗೂ ಸುದ್ದಿ ಮುಟ್ಟಿತ್ತು. ಅವನು ಸಾಬರವನು. ನನ್ನ ಪ್ಲೇಟು ಕೈಯಲ್ಲಿ ಹಿಡಿದೇ, “ನಿಮಗ ಹಾಕಿಕೊಟ್ರ ನನಗೂ ಪಾಪ ಬರತೈತ್ರಿ ಅಪ್ಪಾರ,” ಎಂದು ಸ್ವಾಮಿಗಳನ್ನು ಕರೆಯುವ ಹೆಸರಿನಿಂದಲೇ ನನ್ನನ್ನು ಕರೆದು ಬರೀ ಅನ್ನ ಹುರಿದುಕೊಟ್ಟ. ಇಡೀ ಸ್ವಾಮಿತನದಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಅವತ್ತು.

ಗಲಗಲಿಯ ಅಜ್ಜನಂತೂ ಕರಾರನ್ನೇ ಬಿಟ್ಟುಬಿಟ್ಟ. ಸ್ವಾಮಿಯನ್ನು ಹೆತ್ತ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ತನ್ನ ಮನೆಗೆ ಬರುವುದೇ ಪುಣ್ಯ, ಕೊಟ್ಟು ತರುವ ಮಾತು ಇನ್ನು ಬೇಡ ಎಂದು ಹೇಳಿ ಕಳಿಸಿದ. ನಿಶ್ಚಯಕ್ಕೆ ದಿನ ಗೊತ್ತಾಯಿತು. ಅಜ್ಜನಿಗೆ ಮೊಣಕಾಲು ಬೇನೆ ಇದ್ದುದರಿಂದ ನಿಶ್ಚಯ ಗಲಗಲಿಯ ಅವರ ಮನೆಯಲ್ಲೇ. ತಂಗಿ ಮತ್ತೆ ಕೂಗಿ ಮಾತಾಡತೊಡಗಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಆಫೀಸಿನಲ್ಲಿ ಮಾತ್ರ ನನ್ನ ಪಾಡು ಕೇಳಬೇಡಿ. ಅಲ್ಲಿ ನಮಗೆಲ್ಲ ಹಿರಿಯಳಾದ ಒಬ್ಬ ಅಕ್ಕ ಇದ್ದಾಳೆ. ಮುಧೋಳದವಳು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವವಳು. ಮೊದಲ ವಾರ ನಾನು ಮೆಟ್ಟಿಲು ಹತ್ತುವಾಗಲೆಲ್ಲ, “ಏಳ್ರೆಲೇ, ಅಪ್ಪಾರು ಬಂದ್ರು,” ಎಂದು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಎರಡನೆಯ ವಾರ ಅವಳಿಗೆ ನಗು ಸಾಕಾಯಿತು.

“ಮೊನ್ನಿ ನಮ್ಮೂರಾಗ ಒಬ್ಬ ಅಪ್ಪಗ ಎದಿ ಬಡ್ಕೊಂಡ ಹೇಳಿದಿ, ಮಗನ್ನ ಮುಚ್ಚಿಡಬ್ಯಾಡ್ರಿ ಅಂತ,” ಅಂದಳು. “ನಿನ್ನ ಮುಚ್ಚಿಟ್ಟಾರಲ್ಲ, ಅದೂ ಕಾವಿ ಅರಿವ್ಯಾಗ. ಅದಕ್ಕೇನಂತಿ?”

“ತಂಗಿ ಲಗ್ನ ಅಕ್ಕಾ.”

“ಎಲ್ಲಾರ ಮನ್ಯಾಗೂ ಒಂದೊಂದ ತಂಗಿ ಇರತಾಳಪಾ,” ಎಂದು ಅವಳು ಫೈಲಿನ ಧೂಳು ಕೊಡವತೊಡಗಿದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮಾತು ಖರೆ ಇದ್ದುದಕ್ಕೆ.

ಸ್ವಾಮಿಯಾದ ಹನ್ನೆರಡನೆಯ ದಿನವೋ ಏನೋ, ಮೂವರು ಹಿರಿಯರು ಎರಡು ಬೈಕಿನ ಮೇಲೆ ಮನೆಗೆ ಬಂದರು. ಬೀಳಗಿ ಕಡೆಯ ಒಂದು ಸಣ್ಣ ಊರಿನವರು. ಅವರ ಊರಿನ ಮಠದ ಸ್ವಾಮಿಗಳು ಲಿಂಗೈಕ್ಯರಾಗಿ ನಾಲ್ಕು ವರ್ಷವಾಗಿ, ಗದ್ದಿಗೆ ಖಾಲಿ ಉಳಿದಿತ್ತು. ಚಹಾ ಕುಡಿದು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಕನ್ಯೆ ನೋಡಲು ಬಂದವರ ಮುಂದೆ ಕೂತ ಹೆಣ್ಣುಮಗಳ ಕಷ್ಟ ನನಗೆ ಅವತ್ತು ಗೊತ್ತಾಯಿತು.

“ಶುಗರ್ ಐತೇನ್ರಿ?” ಎಂದು ಮೊದಲನೆಯವರು ಕೇಳಿದರು. “ಮೊದಲಿನ ಅಪ್ಪಾರ್ಗೆ ಇತ್ತು. ಭಕ್ತರು ಹೋಳಿಗಿ ಮಾಡಿ ಕರದ್ರ ನಮಗ ನೋಡಾಕ ಆಗ್ತಿದ್ದಿಲ್ಲರಿ.”

“ಇಲ್ರಿ.”

“ಗಾಡಿ ಹೊಡ್ಯಾಕ ಬರತೈತೇನ್ರಿ? ಮಠದ್ದು ಜೀಪ್ ಐತಿ, ಡ್ರೈವರ್ ಇಲ್ಲ.”

“ಬರತೈತ್ರಿ.”

ಮೂರನೆಯವರು ಕೈ ಎತ್ತಿ ಉಳಿದಿಬ್ಬರನ್ನು ಸುಮ್ಮನಾಗಿಸಿದರು. “ಬೀಳಗಿ ಕಾಲೇಜಿನ್ಯಾಗ ನಿಮ್ಮ ಭಾಷಣ ನಾ ಅರ್ಧ ಕೇಳೇನ್ರಿ. ಬಸ್ಸಿಗೆ ಹೊತ್ತಾತಂತ ಎದ್ದ ಬಂದೆ. ಎಲ್ಲಾರೂ ಒಂದ ಮನಿಯವರು, ಯಾರನ್ನೂ ಹೊರಗ ಹಾಕಬ್ಯಾಡ್ರಿ ಅಂದ್ರಿ. ಅವತ್ತ ಅನಕೊಂಡೆ, ಇದು ಮಠದ ಮಾತು.”

ಆ ಅರ್ಧ ಭಾಷಣವೇ ನನಗೆ ಮುಳುವಾಯಿತು. ಉಳಿದರ್ಧ ಕೇಳಿದ್ದರೆ ಮನುಷ್ಯ ಈ ಕಡೆ ಬೈಕು ತಿರುಗಿಸುತ್ತಿರಲಿಲ್ಲ. ಗಲಗಲಿಯ ನಿಶ್ಚಯಕ್ಕೆ ತಾವೂ ಬಂದು, ಎಲ್ಲರ ಮುಂದೆ ನನಗೆ ಶಾಲು ಹೊದಿಸಿ, ಮುಂದಿನ ಸ್ವಾಮಿಗಳು ಇವರೇ ಎಂದು ಸಾರುತ್ತೇವೆ ಎಂದರು. ದೊಡ್ಡಪ್ಪ ನನ್ನನ್ನು ಕೇಳದೆಯೇ ಹೂಂ ಅಂದ. ಅವ್ವ ಕದದ ಹಿಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಳ್ಳಿನ ಕುದುರೆ ಅವಳ ಕೈತಪ್ಪಿ ಓಡುತ್ತಿತ್ತು.

ನಾನು ಬನಹಟ್ಟಿಗೆ ಹೋಗಿ ತಂಗಿಯನ್ನು ಅಂಗಡಿಯಿಂದ ಹೊರಗೆ ಕರೆದೆ. ನೂಲಿನ ಗಂಟು ಹೊತ್ತ ಆಟೋಗಳು ಹಾಯುವ ಓಣಿಯಲ್ಲಿ ನಿಂತು ಎಲ್ಲ ಹೇಳಿದೆ. ಅಜ್ಜನಿಗೆ ಖರೆ ಹೇಳಿಬಿಡುತ್ತೇನೆ ಎಂದೆ. ಅವಳ ಮುಖ ಬಿಳುಚಿತು. ಅಲ್ಲಿಯೇ ಲೈನ್‌ಮನ್‌ಗೆ ಫೋನು ಹಚ್ಚಿದಳು. ನನ್ನ ಎದುರೇ ಅಳುತ್ತ ಎಲ್ಲ ಹೇಳಿದಳು. ಅವನು ಏನೋ ಹೇಳಿದ. ಅವಳು ಅಳುತ್ತಿದ್ದವಳು ನಗತೊಡಗಿದಳು.

“ಅಂವಗ ಮೊದಲ ಗೊತ್ತಿತ್ತಂತ ಅಣ್ಣಾ!”

ಸಂಗತಿ ಹೀಗಿತ್ತು. ಹಿಂದಿನ ವರ್ಷ ಜಮಖಂಡಿಯ ಒಂದು ಸಭಾಭವನದಲ್ಲಿ ನನ್ನ ಭಾಷಣ ನಡೆದಾಗ ಕರೆಂಟು ಹೋಗಿತ್ತು. ಮೈಕಿಲ್ಲದೆ ಗಂಟಲು ಹರಿದುಕೊಂಡು ಮಾತಾಡಿದ್ದೆ. ಕಿಟಕಿಯ ಪಕ್ಕದ ಕಂಬ ಹತ್ತಿದ್ದವನು ಇವನೇ. ಫ್ಯೂಸು ಹಾಕುವುದು ಎರಡು ನಿಮಿಷದ ಕೆಲಸ. ಆದರೆ ಕರೆಂಟು ಕೊಟ್ಟರೆ ಫ್ಯಾನಿನ ಸದ್ದಿಗೆ ಮಾತು ಕೇಳಿಸದು ಎಂದು ಕಂಬದ ಮೇಲೆಯೇ ಕೂತು ಪೂರ್ತಿ ಕೇಳಿ, ಚಪ್ಪಾಳೆ ಬಿದ್ದ ಮೇಲೆ ಕರೆಂಟು ಕೊಟ್ಟನಂತೆ. ಇವತ್ತಿನ ತನಕ ನನ್ನ ಮಾತನ್ನು ಅಷ್ಟು ಎತ್ತರದಿಂದ ಯಾರೂ ಕೇಳಿಲ್ಲ. ನನಗೆ ಅವನ ಮೇಲೆ ಆ ಕ್ಷಣವೇ ಪ್ರೀತಿ ಹುಟ್ಟಿತು, ತಂಗಿಯ ಗಂಡ ಎನ್ನುವ ಅರ್ಥದಲ್ಲಿ ಮಾತ್ರ.

“ಆದ್ರ ಅಜ್ಜಗ ಹೇಳಬ್ಯಾಡ್ರಿ ಅಂದಾನ,” ಅಂದಳು ತಂಗಿ. ನಗು ಮಾಯವಾಗಿತ್ತು. “ಅಜ್ಜ ಒಮ್ಮಿ ಮುರದ್ರ ಮುರದಂಗ ಅಂತ. ನನ್ನ ಲಗ್ನ ಆಗೂತನಕ ತಡಿಯಪಾ. ಶಾಲ ಹೊದಿಸಿದ್ರ ಹೊದಿಸಿಕೋ, ಆಮ್ಯಾಲೆ ಏನರ ನೆವಾ ಹೇಳಿ ತಪ್ಪಿಸ್ಕೊಂಡ್ರಾತು. ನಿನಗ ಕೈ ಮುಗೀತೀನಿ.”

ನಿಜಕ್ಕೂ ಕೈ ಮುಗಿದಳು. ಊರೆಲ್ಲ ಮುಗಿದದ್ದು ಬೇರೆ, ಇದು ಬೇರೆ. ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟೆ.

ಹದಿನೆಂಟನೆಯ ದಿನ ಎರಡು ಕ್ರೂಸರ್ ಗಾಡಿಗಳಲ್ಲಿ ಗಲಗಲಿಗೆ ಹೋದೆವು. ಪಡಸಾಲೆಯ ತುಂಬ ಜಮಖಾನೆ, ಅದರ ತುಂಬ ಮಂದಿ. ನನಗೆ ಮಾತ್ರ ಗೋಡೆಗೆ ಹಚ್ಚಿ ಗಾದಿ ಹಾಕಿ ಒರಗಲು ಲೋಡು ಇಟ್ಟಿದ್ದರು. ಮಠದ ಮೂವರು ಶಾಲಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಎಡಕ್ಕೆ ಕೂತಿದ್ದರು. ಚಹಾ ತಂದ ಹುಡುಗಿ ಲೈನ್‌ಮನ್‌ನ ತಂಗಿ ಎಂದು ಗೊತ್ತಾಯಿತು. ಅವಳು ಕಪ್ಪು ಕೊಡುತ್ತ ತಲೆ ತಗ್ಗಿಸಿ, “ನಮ್ಮಣ್ಣ ಎಲ್ಲಾ ಹೇಳ್ಯಾನ್ರಿ, ಭಾಳ ಉಪಕಾರ ಆತು, ನಂದಿನ್ನೂ ಎರಡ ವರ್ಷ ನರ್ಸಿಂಗ್ ಐತಿ,” ಎಂದು ಮಂತ್ರ ಹೇಳಿದ ಹಾಗೆ ಒಂದೇ ಉಸಿರಿಗೆ ಹೇಳಿ ಹೋದಳು. ನೋಡಿದವರು ಆಶೀರ್ವಾದ ಕೇಳಿದಳು ಅಂದುಕೊಂಡಿರಬೇಕು.

ಮಾತು ಮುಗಿಯಿತು, ಸಂಬಂಧ ಕುದುರಿತೆಂದು ಸಕ್ಕರೆ ಹಂಚುವುದೊಂದು ಬಾಕಿ. ಆಗ ಅಜ್ಜ ಎದ್ದ. ಕೋಲೂರಿಕೊಂಡು ನನ್ನ ಮುಂದೆ ಬಂದ. ಕೋಲನ್ನು ಮೊಮ್ಮಗನ ಕೈಗೆ ಕೊಟ್ಟು ಒಂದು ಕೈಯನ್ನು ಅವನ ಹೆಗಲ ಮೇಲಿಟ್ಟು ಬಗ್ಗತೊಡಗಿದ. ಅವನ ಮೊಣಕಾಲು ಲಟಲಟ ಎಂದದ್ದು ನನಗೆ ಕೇಳಿಸಿತು. ಬೇನೆಗೆ ಅವನ ಕೆಳತುಟಿ ಹಲ್ಲಿಗೆ ಸಿಕ್ಕಿತ್ತು. ಆದರೂ ಬಗ್ಗುತ್ತಿದ್ದ. ಇಲ್ಲದ ಒಬ್ಬ ಸ್ವಾಮಿಯ ಕಾಲು ಮುಟ್ಟಲು ಎಂಬತ್ತು ವರ್ಷದ ಮನುಷ್ಯ ಅಷ್ಟು ಕಷ್ಟಪಡುವುದನ್ನು ಕೂತು ನೋಡುವುದು ನನ್ನಿಂದ ಆಗಲಿಲ್ಲ. ನನಗೆ ನನ್ನ ಬಗ್ಗೆ ಹೇಸಿಗೆಯಾಯಿತು. ಎದ್ದು ಅವನ ಎರಡೂ ರಟ್ಟೆ ಹಿಡಿದು ನಿಲ್ಲಿಸಿದೆ.

“ಬ್ಯಾಡ್ರಿ ಅಜ್ಜಾರ. ನನ್ನನ್ನ ಯಾರೂ ಮಠಕ್ಕ ಬಿಟ್ಟಿಲ್ಲ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಭಾಷಣದ ಚಟ ಇದ್ದವನಿಗೆ ಒಮ್ಮೆ ಬಾಯಿ ತೆರೆದರೆ ಮುಚ್ಚಲು ಬರುವುದಿಲ್ಲ. ಸಭೆಗಳಲ್ಲಿ ಬಳಸುವ ದೊಡ್ಡ ಶಬ್ದಗಳು ಒಂದೂ ನೆನಪಿಗೆ ಬರಲಿಲ್ಲ.

“ನನಗ ಹೆಣ್ಣಿನ ಮ್ಯಾಲೆ ಮನಸ್ಸ ಹೋಗಂಗಿಲ್ಲರಿ, ಗಂಡಸರ ಮ್ಯಾಲೆ ಹೋಗತೈತಿ. ಸಣ್ಣಾಂವ ಇದ್ದಾಗಿಂದ ಹಂಗ. ಅದಕ್ಕ ಲಗ್ನ ಒಲ್ಲೆ ಅಂದೆ. ಯಾರದರ ಮಗಳ ಬಾಳೇವು ಹಾಳ ಮಾಡೂದು ಬ್ಯಾಡ ಅಂತ. ಮಠದ ಮಾತು ಸುಳ್ಳು.”

ಮೊದಲು ಅಲುಗಾಡಿದವನು ದೊಡ್ಡಪ್ಪ. ಎದ್ದು ಹೊರಗೆ ಹೋಗಿ, ಸಿಟ್ಟಿನಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟ. ಮಠದ ಮೂವರಲ್ಲಿ ಒಬ್ಬರು ಶಾಲಿನ ಪೊಟ್ಟಣವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, “ಹಂಗಾದ್ರ ಜೀಪಿಂದು?” ಎಂದು ಪಕ್ಕದವರನ್ನು ಕೇಳಿದರು. ಒಳಗಿನ ಬಾಗಿಲಲ್ಲಿ ತಂಗಿ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಜ್ಜ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದ.

“ಏನವಾ ತಂಗಿ, ದೇವರ ಹೆಸರಲೇ ಸುಳ್ಳ ಹೇಳಿದೇನ?”

“ಹೌದ್ರಿ,” ಅಂದಳು ಅವ್ವ. ಸೆರಗು ಸರಿಮಾಡಿಕೊಂಡು ಪಡಸಾಲೆಯ ನಡುವಿಗೆ ಬಂದು ನಿಂತಳು. “ಮಗನ ಸಲುವಾಗಿ ಹೇಳೇನಿ. ಅಂವಂದ ತಪ್ಪಿಲ್ಲ, ಹುಡುಗೀದೂ ತಪ್ಪಿಲ್ಲ. ದೇವರ ಕೂಡ ನಾ ಮಾತಾಡ್ಕೋತೀನಿ. ನೀವು ನನ್ನ ಮಗಳನ್ನ ಬಿಡಬ್ಯಾಡ್ರಿ.”

ಅಜ್ಜ ಗಾದಿಯ ಅಂಚಿಗೆ ಕುಸಿದು ಕೂತ. ಆಮೇಲೆ ಒಳಗೆ ಕೂಗಿ, “ಎಲಿ ಹಾಕ್ರಿ,” ಅಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟಕ್ಕೆ ಎಲೆ ಬಿತ್ತೆಂದರೆ ಸಂಬಂಧ ಉಳಿಯಿತೆಂದೇ ಅರ್ಥ. ಉಳಿಯಿತು. ಮದುವೆಯೂ ಆಯಿತು. ದೊಡ್ಡಪ್ಪ ಮದುವೆಗೆ ಬರಲಿಲ್ಲ, ಇವತ್ತಿಗೂ ನನ್ನ ಜೊತೆ ಮಾತಿಲ್ಲ. ಕೊಟ್ಟ ಮಾತು ಮುರಿದದ್ದಕ್ಕೆ ತಂಗಿ ಎರಡು ತಿಂಗಳು ಮಾತು ಬಿಟ್ಟಳು. ಅದು ನ್ಯಾಯವೇ. ಎಲೆ ಯಾಕೆ ಬಿತ್ತು ಎಂಬುದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೆ ಊಟಕ್ಕೆ ಕೂತ ಮೇಲೆ ಗೊತ್ತಾಯಿತು.

ಅಜ್ಜ ನನ್ನನ್ನು ತನ್ನ ಬದಿಗೇ ಕೂರಿಸಿಕೊಂಡಿದ್ದ. ಹೋಳಿಗೆ, ಕಟ್ಟಿನ ಸಾರು ಬಡಿಸಿ ಹೋದರು. ಅವನು ಮುರಿದ ಹೋಳಿಗೆಯನ್ನು ಬಾಯಿಗಿಡದೆ, ನನಗಷ್ಟೇ ಕೇಳುವಂತೆ ಕೇಳಿದ.

“ನಿನ್ನಂಥವ್ರು ಭಾಳ ಮಂದಿ ಅದಾರೇನ?”

“ಅದಾರ್ರಿ ಅಜ್ಜಾರ.”

“ಮೊದಲಿನ ಕಾಲದಾಗೂ ಇದ್ರೇನ?”

“ಇದ್ರು. ಹೇಳ್ತಿದ್ದಿಲ್ಲರಿ.”

ಅವನು ಎಲೆಯನ್ನೇ ನೋಡುತ್ತ ಹೇಳತೊಡಗಿದ. “ನನಗ ಕನ್ಯಾ ಸಿಗಲಿ ಅಂತ ನಮ್ಮಪ್ಪ ನನ್ನ ತಂಗೀನ ನನ್ನ ಹೇಣ್ತಿ ತವರಮನಿಗೆ ಕೊಟ್ಟಾ. ಕೊಟ್ಟು ತಂದ್ರು. ನನ್ನ ಸಂಸಾರ ಛಲೋ ಆತು. ಅಕಿ ಗಂಡ ಅಕೀನ ಬೈಲಿಲ್ಲ, ಬಡೀಲಿಲ್ಲ. ಮುಟ್ಟಲೂ ಇಲ್ಲ. ಮೂರು ವರ್ಷಕ್ಕ ಅಕಿ ತಿರುಗಿ ಬಂದ್ಲು. ಅಕೀಗೇ ಏನೋ ಐಬ ಇರಬೇಕು ಅಂದ್ರು ಮಂದಿ. ನಾನೂ ಅಂದೆ. ಅಕಿ ಖರೆ ಅಂತ ನಂಬಿದ್ಲು. ನಲವತ್ತು ವರ್ಷ ಈ ಮನ್ಯಾಗ ದನಾ ಕಟ್ಟಿ, ರೊಟ್ಟಿ ಬಡದು ಸತ್ಲು. ಒಂದ ದಿನಾ ಕನ್ನಡಿ ನೋಡಿದಾಕಿ ಅಲ್ಲ.”

ಸುತ್ತ ಮಂದಿ ಸಾರು ಸುರಿಯುತ್ತ, ಹಪ್ಪಳ ಮುರಿಯುತ್ತ ಉಣ್ಣುತ್ತಿದ್ದರು. ಯಾರಿಗಾಗಿ ದುಃಖಪಡಬೇಕೋ ನನಗೆ ತಿಳಿಯಲಿಲ್ಲ. ಕಂಡಿರದ ಆ ಹೆಣ್ಣುಮಗಳಿಗೋ, ಅವಳನ್ನು ಮುಟ್ಟದ ಆ ಗಂಡನಿಗೋ. ಅವನೂ ನನ್ನವನೇ. ಅವನ ಮೇಲೆ ಸಿಟ್ಟೂ ಬಂತು, ಅವನ ಪರವಾಗಿ ನಾಚಿಕೆಯೂ ಆಯಿತು.

“ನೀ ಇವತ್ತ ಹೇಳಿದಂಗ ಅಂವ ಒಂದ ಮಾತ ಹೇಳಬೇಕಿತ್ತು,” ಅಂದ ಅಜ್ಜ. “ಅಕಿ ತನ್ನ ತಪ್ಪಲ್ಲ ಅಂತ ತಿಳ್ಕೊಂಡ ಇರತಿದ್ಲು.”

“ಹೇಳಾಕ ಅಂವಗ ಯಾರು ಬಿಡ್ತಿದ್ರರಿ ಅಜ್ಜಾರ?”

ಅಜ್ಜ ಯೋಚಿಸಿದ. ನನ್ನ ಪ್ರಶ್ನೆಯನ್ನು ತಳ್ಳಿಹಾಕದೆ, ಆ ಕಾಲಕ್ಕೆ ಹೋಗಿ, ಅಲ್ಲಿ ನಿಂತು ಯೋಚಿಸಿದ.

“ಯಾರೂ ಬಿಡ್ತಿದ್ದಿಲ್ಲ,” ಅಂದ. “ಹೇಳಿದ್ರ ಅವತ್ತ ಅಂವನ್ನ ನಾನ ಕಡದ ಹಾಕ್ತಿದ್ದೆ.”

ಹಾಗೆಂದು ಹೇಳಿ ಅಜ್ಜ ಹೋಳಿಗೆ ಹಿಡಿದ ತನ್ನ ಕೈಯನ್ನೇ ನೋಡುತ್ತ ಕೂತ.